ಫಾರ್ಮ್ ತುಂಬದ ಮಾವ

ತಮ್ಮನ ಮದುವೆಗೆ ಗೂಗಲ್ ಫಾರ್ಮ್ ಮಾಡಿದ್ದು ನಾನೇ. ಹಾಗಾಗಿ ಈ ವಿಮರ್ಶೆಯಲ್ಲಿ ಬೈಸಿಕೊಳ್ಳೋನೂ ನಾನೇ.

ಹುಡುಗ, ಹುಡುಗಿ ಇಬ್ಬರಿಗೂ ವೈಟ್‌ಫೀಲ್ಡಲ್ಲಿ ಕೆಲಸ. ಮದುವೆ ಹೊಸಕೋಟೆ ಕಡೆಯ ಒಂದು ರೆಸಾರ್ಟಲ್ಲಿ, ಎರಡು ದಿನ. ಆಫೀಸಿನವರಿಗೆ ಅದು ಮನೆ ಪಕ್ಕ. ನಾಗಮಂಗಲ ಕಡೆಯಿಂದ ಇಡೀ ಬೆಂಗಳೂರು ದಾಟಿ ಬರಬೇಕಾದ ನಮ್ಮೂರಿನವರಿಗೆ ಅದೇ ಡೆಸ್ಟಿನೇಷನ್ ವೆಡ್ಡಿಂಗು.

ಒಂದು ವಿಡಿಯೋ, ಒಂದು ಲೊಕೇಷನ್, ಅಡ್ಮಿನ್ ಮಾತ್ರ ಬರೆಯಬಹುದಾದ ವಾಟ್ಸಾಪ್ ಗ್ರೂಪು, ಜೊತೆಗೆ ಫಾರ್ಮು. ಎಷ್ಟು ಜನ, ಯಾವ ದಿನ, ರೂಮ್ ಬೇಕಾ, ಕೊನೆ ದಿನಾಂಕ. ಎಲ್ಲಾ ಇಂಗ್ಲಿಷಲ್ಲಿ.

ಇದರಿಂದ ಉಪಯೋಗ ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಅಡುಗೆಯವರು ಎಲೆ ಎಷ್ಟು ಅಂದಾಗ ಉತ್ತರ ಇತ್ತು, ಅನ್ನ ಚೆಲ್ಲಲಿಲ್ಲ. 2023ರ ಅಕ್ಟೋಬರಿಂದ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ನೇರ ಕಾಡುಗೋಡಿಗೇ ಬರಬಹುದು. ಅಲ್ಲಿಂದ ಟಿಟಿ ಯಾವಾಗ ಹೊರಡುತ್ತೆ ಅಂತ ಗ್ರೂಪಲ್ಲೇ ಇತ್ತು.

ಆದ್ರೆ ನನ್ನನ್ನ ಸೈಕಲ್ಲಲ್ಲಿ ಕೂರಿಸಿಕೊಂಡು ಹೈಸ್ಕೂಲಿಗೆ ಬಿಡ್ತಿದ್ದ ಮಾವ, ಅಮ್ಮನ ದೊಡ್ಡಪ್ಪನ ಮಗ, ಬರಲಿಲ್ಲ. ಆಮೇಲೆ ಫೋನ್ ಮಾಡಿದೆ. "ಅದೇನೋ ಅರ್ಜಿ ಹಾಕಿ ಅಂದಿದ್ದಲ್ಲಪ್ಪ, ನಂಗೆ ತುಂಬಕ್ಕೆ ಬರ್ಲಿಲ್ಲ. ಡೇಟ್ ಮುಗಿದ್ಮೇಲೆ ಬಂದು ನಿಮಗ್ಯಾಕೆ ತೊಂದ್ರೆ ಅಂತ ಸುಮ್ನಾದೆ" ಅಂದ್ರು. ನಾನು ಕರೆದಿದ್ದೀನಿ ಅಂತ ಅಮ್ಮ ಅಂದ್ಕೊಂಡಿದ್ದರು. ಫಾರ್ಮ್ ಕರೆದಿದೆ ಅಂತ ನಾನು ಅಂದ್ಕೊಂಡಿದ್ದೆ.

ಹಳೇ ಲಗ್ನಪತ್ರಿಕೆಯೇನು ಒಳ್ಳೆ ಬರವಣಿಗೆ ಅಲ್ಲ. ಅರ್ಧ ಪುಟ ನೆಂಟರ ಹೆಸರೇ. ಆದ್ರೆ ಅದಕ್ಕೆ ಅರಿಶಿನ ಹಚ್ಚಿ, ಮನೆಗೇ ಹೋಗಿ, ಕುಂಕುಮ ಕೊಟ್ಟು ಕರೀತಿದ್ದರು. ಪತ್ರಿಕೆ ಒಂದು ನೆಪ, ಕರೀತಿದ್ದದ್ದು ಬಾಯಿ. "ಮನೇವರೆಲ್ಲ ಬರಬೇಕು" ಅನ್ನೋ ಮಾತಲ್ಲಿ ಲೆಕ್ಕ ಇಲ್ಲ. ನನ್ನ ಫಾರ್ಮಲ್ಲಿ ಬರೀ ಲೆಕ್ಕ.

ಕಡಿಮೆ ಜನ ಸಾಕು ಅನ್ನೋದು ತಪ್ಪಲ್ಲ. 1966ರಲ್ಲಿ ಕುವೆಂಪು ಮಗ ತೇಜಸ್ವಿಯ ಮದುವೆ ಕುಪ್ಪಳಿಯಲ್ಲಿ ಮಂತ್ರ ಮಾಂಗಲ್ಯದ ರೀತಿಯಲ್ಲಿ ಸರಳವಾಗಿ ನಡೆಯಿತು. ಅಲ್ಲಿ ಬಿಟ್ಟಿದ್ದು ಆಡಂಬರವನ್ನ. ನಾವು ಡ್ರೋನ್ ಇಟ್ಟುಕೊಂಡು ಮಾವನ್ನ ಬಿಟ್ವಿ.

ನೀವೂ ಈಗ ಇಂಥದ್ದೇ ಶೀಟ್ ತೆರೆದು ಕೂತಿದ್ದರೆ ಒಂದು ಕಾಲಂ ಸೇರಿಸಿ: "ಕರೆದವರು ಯಾರು?" ಪ್ರತಿ ಅತಿಥಿಯ ಮುಂದೆ ನಿಮ್ಮ ಮನೆಯ ಒಬ್ಬರ ಹೆಸರಿರಲಿ. ಅವರು ಫೋನ್ ಮಾಡಿ ಕರೆದು, ಕೇಳಿಕೊಂಡು, ಫಾರ್ಮನ್ನೂ ತಾವೇ ತುಂಬಲಿ. ಬಸ್ಸು ಊರಿಂದಲೇ ಹೊರಡಲಿ. ಉತ್ತರ ಬರದಿದ್ದರೆ "ಬರಲ್ಲ" ಅಂತ ಓದಬೇಡಿ. ನಲ್ ಬೇರೆ, ಸೊನ್ನೆ ಬೇರೆ ಅಂತ ಜೂನಿಯರ್‌ಗಳಿಗೆ ದಿನಾ ಹೇಳ್ತೀನಿ.

ಮಾವನ ಹೆಸರಿನ ಮುಂದೆ ನಾನು ಸೊನ್ನೆ ಹಾಕಿದ್ದೆ.