ತೀರ್ಪಿನ ನಂತರದ ತನಿಖೆ: 1833ರ ನಗರ ದಂಗೆ ವರದಿ

ಮೈಸೂರಿನ ಅರಸೊತ್ತಿಗೆ 1831ರಲ್ಲಿ ಅಧಿಕಾರ ಕಳೆದುಕೊಳ್ಳಲು ಮಲೆನಾಡಿನ ನಗರ ಸೀಮೆಯ ರೈತರ ದಂಗೆ ಕಾರಣ, ಆ ದಂಗೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ದುಂದುಗಾರಿಕೆ ಕಾರಣ ಎಂಬ ವಿವರಣೆ ಬಹುಮಟ್ಟಿಗೆ ಒಂದೇ ದಾಖಲೆಯಿಂದ ಬಂದದ್ದು. ಹಾಕರ್, ಮಾರಿಸನ್, ಮೆಕ್ಲಿಯಾಡ್, ಕಬ್ಬನ್ ಎಂಬ ನಾಲ್ವರ ಸಮಿತಿ 1833ರ ಡಿಸೆಂಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರಕಾರಕ್ಕೆ ಒಪ್ಪಿಸಿದ ವರದಿ ಅದು. ಇತಿಹಾಸಕಾರ ರೈಸ್ ತನ್ನ ಮೈಸೂರು ಗೆಜೆಟಿಯರ್‌ನಲ್ಲಿ ಅದನ್ನೇ ನೆಚ್ಚಿದ. ನಂತರದವರು ರೈಸ್‌ನನ್ನು ನೆಚ್ಚಿದರು. ವರದಿಗೆ ಸಿಕ್ಕಿರುವ ಪ್ರಾಮಾಣ್ಯ ಅದರ ಯೋಗ್ಯತೆಗೆ ಮೀರಿದ್ದು.

1830ರ ಆಗಸ್ಟ್‌ನಲ್ಲಿ ಕೂಡಿದ ರೈತರ ಕೂಟಗಳು, ಕೆಳದಿಯ ಗದ್ದುಗೆಗೆ ಹಕ್ಕು ಹೇಳಿದ ಬೂದಿ ಬಸವಪ್ಪ, ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ, 1831ರ ಜೂನ್‌ನಲ್ಲಿ ಕಂಪನಿಯ ಪಡೆಗೆ ಸಿಕ್ಕಿದ ನಗರದ ಕೋಟೆ, ಇವು ಗೊತ್ತಿರುವ ಸಂಗತಿಗಳು. ವರದಿಯ ಬೆಲೆ ಕಟ್ಟುವಾಗ ತೇದಿಗಳೇ ಹೆಚ್ಚು ಮುಖ್ಯ. ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಿತ್ತುಕೊಂಡದ್ದು 1831ರ ಅಕ್ಟೋಬರ್‌ನಲ್ಲಿ. ಕಾರಣ ಹುಡುಕುವ ಸಮಿತಿ ನೇಮಕವಾದದ್ದು ಮರುವರ್ಷ. ಸಮಿತಿಯ ಸದಸ್ಯನಾಗಿದ್ದ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿ ಇದೇ ರಾಜ್ಯವನ್ನು ಆಳಿದ.

ವರದಿಯ ಬಲವಿರುವುದು ಕಂದಾಯ ವಸೂಲಿಯ ಶರತ್ತು ಪದ್ಧತಿಯ ವರ್ಣನೆಯಲ್ಲಿ. ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರ ಇಂತಿಷ್ಟು ಹಣ ಕಟ್ಟುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ವಸೂಲಿ ಕಡಿಮೆ ಬಿದ್ದರೆ ತಾನೇ ತುಂಬಬೇಕು, ಹೆಚ್ಚಾದರೆ ಅದನ್ನೂ ಸರಕಾರಕ್ಕೆ ಒಪ್ಪಿಸಬೇಕು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರಕಾರದ ಪಾಲಿನ ಧಾನ್ಯವನ್ನು ಅವರಿಂದ ಬಲವಂತವಾಗಿ ಕೊಳ್ಳಿಸುವುದಿಲ್ಲ ಎಂಬ ಮಾತೂ ಅದರಲ್ಲಿರುತ್ತಿತ್ತು, ಪಾಲನೆಯಾಗುತ್ತಿರಲಿಲ್ಲ. ಈ ಮೂರನೆಯ ಮಾತಿನಲ್ಲಿ ದಂಗೆಯ ಬೇರಿದೆ. ತಾನು ಬೆಳೆದು ಅಳೆದುಕೊಟ್ಟ ಧಾನ್ಯವನ್ನು ರೈತ ದುಡ್ಡು ಕೊಟ್ಟು ಮರಳಿ ಕೊಳ್ಳಬೇಕಾಗಿತ್ತು. ಆಡಳಿತಕ್ಕೆ ನಗದಿನ ಇಷ್ಟು ತುರ್ತು ಎಲ್ಲಿಂದ ಬಂತು?

ಅರಮನೆಯ ವೆಚ್ಚ ಒಂದು ಕಾರಣ, ನಿಜ. ದಿವಾನ ಪೂರ್ಣಯ್ಯ ಕೂಡಿಟ್ಟ ಭಂಡಾರ ಕರಗಿತ್ತು. ಆದರೆ 1799ರ ಒಪ್ಪಂದದಂತೆ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ, ಎಂದರೆ 24.5 ಲಕ್ಷ ರೂಪಾಯಿ, ಪೊಗದಿ (ಕಪ್ಪ) ಸಲ್ಲಬೇಕಿತ್ತು. 1807ರಲ್ಲಿ 4,000 ಕುದುರೆ ಸವಾರರನ್ನು ಸಾಕುವ ಭಾರವೂ ಬಿತ್ತು; ಸಿಲ್ಲೇದಾರರೆಂಬ ಮೈಸೂರಿನ ಈ ಸವಾರರು 1817–18ರ ಮರಾಠಾ ಯುದ್ಧದಲ್ಲಿ ಕಂಪನಿಯ ಪರವಾಗಿ ಕಾದಿದರು. ಮಳೆ ತಪ್ಪಿದರೂ ಧಾರಣೆ ಬಿದ್ದರೂ ಪೊಗದಿ ತಗ್ಗುವಂತಿರಲಿಲ್ಲ. ವರದಿ ಅಮಲ್ದಾರನನ್ನು, ಅವನ ಮೇಲಿನ ಫೌಜುದಾರನನ್ನು, ಆತನ ಮೇಲಿನ ಅರಮನೆಯನ್ನು ವಿಚಾರಿಸಿ ಅಲ್ಲಿಗೆ ನಿಲ್ಲುತ್ತದೆ. ಪೊಗದಿಗೆ ಅಪಾಯ ಬಂದರೆ ಆಡಳಿತ ವಹಿಸಿಕೊಳ್ಳಬಹುದೆಂಬ ಒಪ್ಪಂದದ ಕಲಮನ್ನು ಹಿಡಿದೇ ಬೆಂಟಿಂಕ್ ರಾಜ್ಯ ತೆಗೆದುಕೊಂಡಿದ್ದ. ರಾಜ್ಯ ಕೈತಪ್ಪಲು ನೆಪವಾದ ಆ ಹಣವನ್ನು ದಂಗೆಯ ಕಾರಣಗಳಲ್ಲಿ ತೂಗದಿರುವುದು ಸಣ್ಣ ಲೋಪವಲ್ಲ, ವರದಿಯ ಅಡಿಪಾಯದ ದೋಷ.

ವರದಿಯನ್ನು ಎದುರಿಸಿದವರೂ ಅದರ ಚೌಕಟ್ಟನ್ನು ಪೂರ್ತಿ ದಾಟಲಿಲ್ಲ. 1936ರ ‘ಮಾಡರ್ನ್ ಮೈಸೂರ್’ ಗ್ರಂಥದಲ್ಲಿ ಶಾಮರಾವ್ ಅರಸರ ಪರ ವಾದಿಸಿದರು. ಅರಸರು ತಪ್ಪಿತಸ್ಥರೋ ಅಲ್ಲವೋ ಎಂಬುದೇ ವಾದವಾದಾಗ ಕೂಟ ಸೇರಿದ ರೈತನ ಅಹವಾಲು ಹಿಂದೆ ಸರಿಯುತ್ತದೆ. ಇದಕ್ಕೆ ಪ್ರತಿಯಾಗಿ ನಗರವನ್ನು ರಷ್ಯಾದ ಕ್ರಾಂತಿಯ ಸಾಲಿಗೆ ಸೇರಿಸುವ ಉತ್ಸಾಹವೂ ಅರ್ಧ ಮಾತ್ರ ಸರಿ. ಸೈನ್ಯದ ವೆಚ್ಚ, ಜನರ ಬವಣೆ ಎರಡೂ ಕಡೆ ಇದ್ದವು. ಆದರೆ 1917ರ ಪೆಟ್ರೊಗ್ರಾಡ್‌ನಲ್ಲಿ ಸಾರ್‌ನ ಸೈನಿಕರೇ ಜನರ ಕಡೆ ಸೇರಿದ್ದರಿಂದ ಸಿಂಹಾಸನ ಉರುಳಿತು. ನಗರದಲ್ಲಿ ಬಂಡಾಯವನ್ನು ಅಡಗಿಸಿದ ಕಂಪನಿಯೇ ಅರಸರನ್ನೂ ಇಳಿಸಿತು. ಬೂದಿ ಬಸವಪ್ಪ ಬಯಸಿದ್ದೂ ಇನ್ನೊಂದು ಗದ್ದುಗೆಯನ್ನೇ.

ವರದಿ ಬಂದ ಮೇಲೂ, 1834ರಲ್ಲಿ, ಬೆಂಟಿಂಕ್ ಸ್ವತಃ ರಾಜ್ಯದ ಒಂದು ಭಾಗವನ್ನು ಅರಸರಿಗೆ ಮರಳಿಸುವ ಸಲಹೆ ಮಾಡಿದ; ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಮುಮ್ಮಡಿಯವರು 1868ರಲ್ಲಿ ಅಧಿಕಾರವಿಲ್ಲದೆಯೇ ತೀರಿಕೊಂಡರು. 1881ರಲ್ಲಿ ರಾಜ್ಯ ಮರಳಿ ಬಂದಾಗ ಹಸ್ತಾಂತರದ ಪತ್ರ ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸಿತು. ಕ್ಷಾಮದಿಂದ ನಾಡು ಸೋತಿದ್ದ ಕಾರಣ ಏರಿಕೆಯ ಜಾರಿಯನ್ನಷ್ಟೇ ಮುಂದೂಡಲಾಯಿತು.