ಮಡಿ ಕರೆಂಟು, ಮೈಲಿಗೆ ಬೂದಿ

ರಾಜಾಜಿನಗರ ಅನ್ನೋ ಹೆಸರನ್ನು ದಿನಾ ಬಸ್ಸಿನ ಬೋರ್ಡಿನಲ್ಲಿ ಓದ್ತೀವಿ. 1949ರಲ್ಲಿ ಈ ಬಡಾವಣೆ ಶುರುವಾದಾಗ ರಾಜಾಜಿಯವರು ದೇಶದ ಗವರ್ನರ್ ಜನರಲ್ ಆಗಿದ್ದರು. ಅವರು ಅಣುಬಾಂಬಿನ ಕಡುವಿರೋಧಿಯೂ ಆಗಿದ್ದರು. 1962ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನಡಿಯನ್ನು ಕಂಡು ಅಣುಪರೀಕ್ಷೆ ನಿಲ್ಲಿಸಿ ಅಂತ ವಾದಿಸಿದರು. ದೊಡ್ಡ ಕೆಲಸ, ಒಪ್ಪೋಣ. ಆದರೆ ಇದೇ ರಾಜಾಜಿಯವರು 1953ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಒಂದು ಶಿಕ್ಷಣ ಯೋಜನೆ ತಂದರು. ಮಕ್ಕಳು ಅರ್ಧ ದಿನ ಶಾಲೆಯಲ್ಲಿರಲಿ, ಉಳಿದ ಹೊತ್ತು ಮನೆಯ ಕಸುಬು ಕಲೀಲಿ ಅನ್ನೋದು ಅದರ ಸಾರ. ಕುಂಬಾರನ ಮಗ ಮಡಕೆ ಮಾಡಲಿ, ಚಮ್ಮಾರನ ಮಗ ಚಪ್ಪಲಿ ಹೊಲಿಯಲಿ. ಹಾಗಾದರೆ ಜಾಡಮಾಲಿಯ ಮಗ ಏನು ಕಲೀಬೇಕಿತ್ತು?

ಈ ಪ್ರಶ್ನೆಯನ್ನು ಸತ್ತವರ ಮೇಲೆ ಗೂಬೆ ಕೂರಿಸೋದಕ್ಕೆ ಕೇಳ್ತಿಲ್ಲ. ನಮ್ಮಲ್ಲಿ ಅಣುವಿರೋಧಿ ಚಿಂತನೆ ಬೆಳೆದ ರೀತಿಯಲ್ಲೇ ಒಂದು ತೊಡಕಿದೆ. ಬಾಂಬು ಬೇಡ, ಸ್ಥಾವರ ಬೇಡ ಅಂದವರೆಲ್ಲ ಅದರ ಕೊಳೆಯನ್ನು ಹೊರೋದು ಯಾರು ಅಂತ ಕೇಳಿದವರಲ್ಲ. ಈ ಪ್ರಶ್ನೆ ಬಿಟ್ಟ ವಿರೋಧ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅರ್ಧ ವಿರೋಧವೇ.

ಕೈಗಾವನ್ನೇ ನೋಡಿ. ಕಾಳಿ ನದಿಯ ದಂಡೆಯ ಕಾಡಿನಲ್ಲಿ ಅಣುಸ್ಥಾವರ ಬೇಡ ಅಂತ ಶಿವರಾಮ ಕಾರಂತರು ಊರೂರು ತಿರುಗಿದರು. 1989ರಲ್ಲಿ ಅದೇ ವಿಷಯ ಇಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಕನ್ನಡದ ಬೇರೆ ಯಾವ ದೊಡ್ಡ ಸಾಹಿತಿ ಒಂದು ನದಿಗೋಸ್ಕರ ಓಟು ಕೇಳಿದ್ದಾನೆ? 1994ರ ಮೇ 13ರಂದು, ಕಟ್ಟುವ ಹಂತದಲ್ಲೇ ಮೊದಲನೇ ಘಟಕದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಸುಮಾರು 130 ಟನ್ನು. ಕೆಳಗಿದ್ದ 14 ಮಂದಿ ಕೂಲಿಕಾರರು ಗಾಯಗೊಂಡರು. ಭಯಪಟ್ಟವರೆಲ್ಲ ವಿಜ್ಞಾನ ತಿಳಿಯದ ಮೂಢರು ಅಂತ ಹಂಗಿಸುತ್ತಿದ್ದವರಿಗೆ ಆ ಗುಮ್ಮಟವೇ ಉತ್ತರ ಹೇಳಿತು.

ಆದರೂ ಆ ಚಳವಳಿಯ ಭಾಷೆ ಮುಖ್ಯವಾಗಿ ಕಾಡು, ನದಿ, ಜೀವಸಂಕುಲದ ಭಾಷೆ. ಅದು ಬೇಕಾದದ್ದೇ. ಆದರೆ ಆ ಭಾಷೆಯಲ್ಲಿ ಕೂಲಿಕಾರ ಹೆಚ್ಚಾಗಿ ಕಾಣಿಸಲಿಲ್ಲ. ಅದಿರು ಅಗೆಯುವವನು, ಸ್ಥಾವರದೊಳಗೆ ನೆಲ ಒರೆಸುವವನು, ಬೂದಿ ಹೂಳುವ ಊರಿನವನು, ಇವರ ಜಾತಿ ಯಾವುದು ಅನ್ನೋದು ಚರ್ಚೆಯ ಅಂಚಿಗೇ ನಿಂತಿತು.

ಹೀಗಾಗಿಯೇ ನಮ್ಮ ಸಂಗಾತಿಗಳಲ್ಲಿ ಕೆಲವರು ಕೇಳ್ತಾರೆ: "ನಮ್ಮ ಹಟ್ಟಿಗೆ ಸರಿಯಾಗಿ ದೀಪವೇ ಇಲ್ಲ, ಇವರಿಗೆ ಅಣುವಿನ ಚಿಂತೆ. ಇದು ಹೊಟ್ಟೆ ತುಂಬಿದವರ ಕಾಡಿನ ಪ್ರೀತಿ ಅಲ್ಲವೇ?" ಪ್ರಶ್ನೆ ಸರಿಯಾಗಿಯೇ ಇದೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತಿನ ಹೊಣೆಯನ್ನೂ ಹೊತ್ತವರು. ಅಗ್ಗದ, ಹೇರಳವಾದ ವಿದ್ಯುತ್ತು ಬಡವರ ಬಿಡುಗಡೆಗೆ ಬೇಕೇ ಬೇಕು ಅಂತ ನಂಬಿದವರು. ನಾವು ಬುಡ್ಡಿದೀಪಕ್ಕೆ ವಾಪಸು ಹೋಗೋಣ ಅನ್ನೋ ಮಾತೇ ಇಲ್ಲ. ಕರೆಂಟು ಬೇಕು. ಆದರೆ ಯಾರನ್ನು ಮೈಲಿಗೆ ಮಾಡಿ ಬಂದ ಕರೆಂಟು ಅಂತ ಕೇಳೋ ಹಕ್ಕು, ಸಾವಿರಾರು ವರ್ಷ ಊರಿನ ಮೈಲಿಗೆ ಹೊತ್ತ ನಮಗಲ್ಲದೆ ಇನ್ಯಾರಿಗಿದೆ?

ಅಣುವಿದ್ಯುತ್ತನ್ನು ಸರ್ಕಾರ 'ಸ್ವಚ್ಛ ವಿದ್ಯುತ್ತು' ಅಂತ ಕರೀತದೆ. ಹೊಗೆ ಇಲ್ಲ, ಮಸಿ ಇಲ್ಲ. ಕಲ್ಲಿದ್ದಲಿನ ಬೂದಿ ಏನು ಅಂತ ರಾಯಚೂರಿನ ಶಕ್ತಿನಗರದವರಿಗೆ ಗೊತ್ತು, ಅದನ್ನು ಸಮರ್ಥಿಸೋ ಅಗತ್ಯ ನಮಗಿಲ್ಲ. ಆದರೆ ಈ 'ಸ್ವಚ್ಛ' ಅನ್ನೋ ಮಾತು ನಮ್ಮ ಕಿವಿಗೆ ಹೊಸದಲ್ಲ. ಅಗ್ರಹಾರವೂ ಸ್ವಚ್ಛವಾಗಿಯೇ ಇತ್ತು. ತನ್ನ ಹೇಲನ್ನು ಇನ್ನೊಬ್ಬರ ತಲೆಯ ಮೇಲೆ ಹೊರಿಸಿ, ಹೊತ್ತವರನ್ನು ಊರಾಚೆ ಇಟ್ಟು ಸ್ವಚ್ಛವಾಗಿತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ನಿಷೇಧಿಸಬೇಕಾಯಿತು. ಇವತ್ತಿಗೂ ರಾಜಾಜಿನಗರ, ವಿಜಯನಗರದ ಕೊಳೆನೀರು ವೃಷಭಾವತಿಗಿಳಿದು, ಕೆಂಗೇರಿ ದಾಟಿ, ಬೈರಮಂಗಲದ ಕೆರೆಗೆ ಸೇರ್ತದೆ. ಮಡಿ ಅಂದರೆ ಕೊಳೆಯೇ ಇಲ್ಲದಿರೋದಲ್ಲ, ಕೊಳೆ ಬೇರೆಯವರ ಬಾಗಿಲಲ್ಲಿರೋದು.

ಅಣುವಿನ ಮಡಿಯೂ ಹೀಗೇ ನಡೀತದೆ. ಮೊದಲು ಅದಿರು. ಇಂದಿನ ಜಾರ್ಖಂಡಿನ ಜಾದುಗುಡದಲ್ಲಿ 1967ರಿಂದ ಯುರೇನಿಯಂ ಗಣಿಗಾರಿಕೆ ನಡೆದಿದೆ. ಅಲ್ಲಿ ಸುತ್ತ ಇರೋರು ಸಂತಾಲರು, ಹೋ ಜನ. ಅದಿರು ಅರೆದು ಉಳಿದ ವಿಷದ ಕೆಸರಿನ ಕೊಳಗಳು ಅವರ ಹಳ್ಳಿಗಳ ಮಗ್ಗುಲಲ್ಲೇ ಇವೆ. ನಮ್ಮ ಯಾದಗಿರಿಯ ಶಹಾಪುರ ತಾಲೂಕಿನ ಗೋಗಿಯಲ್ಲೂ ಯುರೇನಿಯಂ ಇದೆ ಅಂತ ನೆಲ ಅಗೆದಾಗ ಜನ ಎದ್ದು ನಿಂತರು.

ಆಮೇಲೆ ಸ್ಥಾವರ. 2009ರ ನವೆಂಬರಿನಲ್ಲಿ ಕೈಗಾದೊಳಗಿನ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಬೆರೆತಿತ್ತು. 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಅದು ಪತ್ತೆಯಾಯಿತು. ಒಳಗಿನವರದೇ ಕಿಡಿಗೇಡಿತನ ಅಂದರು ಅಧಿಕಾರಿಗಳು. ಇರಬಹುದು. ಒಬ್ಬ ಕಿಡಿಗೇಡಿ ಕೆಲಸಗಾರರ ನೀರಿಗೇ ವಿಕಿರಣ ಬೆರೆಸಬಹುದಾದರೆ, ಅದು ಎಂಥ ಭದ್ರತೆ?

ಕೊನೆಗೆ ಬೂದಿ. ಉರಿದ ಇಂಧನದಲ್ಲಿರೋ ಪ್ಲುಟೋನಿಯಂ ಅರ್ಧಕ್ಕೆ ಇಳಿಯೋದಕ್ಕೇ 24,000 ವರ್ಷ ಬೇಕು. ಬೈರಮಂಗಲದ ನೀರನ್ನು ಮನಸ್ಸು ಮಾಡಿದರೆ ಶುದ್ಧ ಮಾಡಬಹುದು, ಇದನ್ನು ಕಾದು ಕೂರೋದು ಬಿಟ್ಟು ಬೇರೆ ದಾರಿಯಿಲ್ಲ. ಎಲ್ಲಿ ಹೂಳೋದು? 2012ರ ನವೆಂಬರಿನಲ್ಲಿ, ಕೂಡಂಕುಳಂ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದ್ದಾಗ, ಬಂದ ಹೆಸರು ಕೋಲಾರದ ಚಿನ್ನದ ಗಣಿ. ಜನ ಬೀದಿಗಿಳಿದ ಮೇಲೆ ಸರ್ಕಾರ ಅಂಥ ಯೋಚನೆಯಿಲ್ಲ ಅಂದಿತು. ಆದರೆ ಆ ಹೆಸರೇ ಯಾಕೆ ಬಂತು? 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋಗಿದ್ದು ಆ ಗಣಿಗೆ, ಬೆಂಗಳೂರಿನ ಬೀದಿ ಬೆಳಗಿದ್ದು 1905ರಲ್ಲಿ. ಆ ಗಣಿಯ ಆಳಕ್ಕಿಳಿದವರಲ್ಲಿ ಬಹುಪಾಲು ತಮಿಳು ದಲಿತರು. ಚಿನ್ನ ಹೋಯ್ತು, 2001ರಲ್ಲಿ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಅವರಿಗುಳಿದವು. ಆ ಖಾಲಿ ಸುರಂಗ ಕಂಡವರಿಗೆ ಮೊದಲು ತೋಚಿದ್ದು ಇನ್ನಷ್ಟು ಕಸ ತುಂಬೋದು.

ಸ್ಥಾವರ ಬೇರೆ, ಬಾಂಬು ಬೇರೆ ಅಂತ ವಾದಿಸೋರೂ ಇದ್ದಾರೆ. 2006ರಲ್ಲಿ ಅಮೆರಿಕದ ಜೊತೆಗಿನ ಒಪ್ಪಂದಕ್ಕಾಗಿ ದೇಶದ ಅಣುಸ್ಥಾವರಗಳನ್ನು ನಾಗರಿಕ, ಸೈನಿಕ ಅಂತ ಪಾಲು ಮಾಡಿದರು. ಕೈಗಾದ ನಾಲ್ಕೂ ಘಟಕಗಳನ್ನು ಅಂತರರಾಷ್ಟ್ರೀಯ ತಪಾಸಣೆಯ ಹೊರಗೇ ಇಟ್ಟುಕೊಂಡರು. ಅಂದರೆ ಅಲ್ಲಿ ಉರಿದ ಇಂಧನ ಯಾವುದಕ್ಕೆ ಬಳಕೆಯಾಯಿತು ಅಂತ ಹೊರಗಿನ ಯಾರೂ ಕೇಳೋ ಹಾಗಿಲ್ಲ. ಹೊರದೇಶದ ಯುರೇನಿಯಂ ಅಲ್ಲಿಗೆ ಹಾಕೋ ಹಾಗೂ ಇಲ್ಲ, ದೇಶದೊಳಗಿನ ಗಣಿಯದೇ ಬೇಕು. ಜಾದುಗುಡದ ಕೆಸರಿಗೂ ನಮ್ಮ ಬಲ್ಬಿಗೂ ನಂಟು ಇಲ್ಲೇ ಇದೆ.

ಬಾಂಬಿಗೆ ಇಟ್ಟ ಹೆಸರಂತೂ ನಮ್ಮ ಎದೆಗೇ ಇಟ್ಟ ಒದೆ. 1974ರ ಮೇ 18ರಂದು ಪೋಖರಣ್‌ನಲ್ಲಿ ಸಿಡಿಸಿದ್ದಕ್ಕೆ 'ನಗುವ ಬುದ್ಧ' ಅಂದರು. 1998ರಲ್ಲಿ ಮತ್ತೆ ಬುದ್ಧಪೂರ್ಣಿಮೆಯ ದಿನವೇ ಸಿಡಿಸಿದರು. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಅಸ್ಪೃಶ್ಯರು ಬಾಬಾಸಾಹೇಬರ ಹಿಂದೆ ಹೋಗಿ ಸೇರಿದ್ದು ಆ ಬುದ್ಧನನ್ನು. ಅವನನ್ನು ಈ ನೆಲದಿಂದ ಓಡಿಸಿದ ವ್ಯವಸ್ಥೆಗೆ ಬಾಂಬಿನ ಹೊತ್ತಿಗೆ ಅವನ ನಗು ಬೇಕಾಯಿತು! 1999ರಲ್ಲಿ ಶ್ರೀಪ್ರಕಾಶ್ ಎಂಬುವರು ಜಾದುಗುಡದ ಮೇಲೆ ಸಾಕ್ಷ್ಯಚಿತ್ರ ಮಾಡಿದಾಗ, ಅಲ್ಲಿ ಬುದ್ಧ ಅಳುತ್ತಿದ್ದಾನೆ ಅಂತಲೇ ಹೆಸರಿಟ್ಟರು. ವಿಮರ್ಶೆ ಅಂದರೆ ಅದು. 2025ರ ಡಿಸೆಂಬರಿನಲ್ಲಿ ಅಣುವಿದ್ಯುತ್ತನ್ನು ಖಾಸಗಿ ಕಂಪನಿಗಳಿಗೂ ತೆರೆದಿಟ್ಟ ಕಾನೂನಿಗೆ ಸಿಕ್ಕ ಹೆಸರು 'ಶಾಂತಿ'. ಲಾಭ ಬಂಡವಾಳಶಾಹಿಗೆ, ಶಾಂತಿ ಕಾಗದಕ್ಕೆ.

ಹಾಗಾದರೆ ಸೂರ್ಯ, ಗಾಳಿ? ಹೌದು, ದಾರಿ ಅದೇ. ಬಿಸಿಲಿಗೆ ಜಾತಿಯಿಲ್ಲ. ಆದರೆ ಬಿಸಿಲು ಬೀಳೋ ನೆಲಕ್ಕೆ ಜಾತಿ ಇದೆ, ಒಡೆಯ ಇದ್ದಾನೆ. ಚಳ್ಳಕೆರೆಯ ಅಮೃತಮಹಲ್ ಕಾವಲು ಕುರಿ, ದನ ಮೇಯಿಸಿ ಕಂಬಳಿ ನೇಯೋರ ಬದುಕಿನ ನೆಲ. ಅದರಲ್ಲಿ ಯುರೇನಿಯಮ್ಮಿನ ಸತ್ವ ಹೆಚ್ಚಿಸೋ ಕಾರ್ಖಾನೆಗಾಗಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ ಕೊಟ್ಟರು. ಅದೇ ಕಾವಲಿನಲ್ಲಿ ಒಂದು ಸೌರವಿದ್ಯುತ್ ಕಂಪನಿಗೂ 1,250 ಎಕರೆ ಕೊಟ್ಟರು. ಅಣುವಿಗೂ ಬೇಲಿ, ಸೂರ್ಯನಿಗೂ ಬೇಲಿ. ಆಚೆ ನಿಂತ ಕುರಿಗಾಹಿಗೆ ಏನು ವ್ಯತ್ಯಾಸ?

ಪಾವಗಡವನ್ನೂ ನೋಡಿ. ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವಾಟ್. ಕೈಗಾದ ನಾಲ್ಕು ಘಟಕ ಸೇರಿದರೆ 880. ಸೂರ್ಯ ಸದಾ ಉರಿಯೋದಿಲ್ಲ, ರಾತ್ರಿಯ ಲೆಕ್ಕ ಬೇರೆಯೇ ಹಾಕಬೇಕು. ಆದರೂ ಬಿಸಿಲಿನಿಂದ ಏನು ಸಾಧ್ಯ ಅಂತ ಅದು ತೋರಿಸಿದೆ. ನೆಲ ಮಾರಿಸದೆ ಗುತ್ತಿಗೆಗೆ ತಗೊಂಡು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ನಿಗದಿ ಮಾಡಿದ್ದು ಒಳ್ಳೆಯದೇ. ಆದರೆ ಆ ಬಾಡಿಗೆ ನೆಲ ಇದ್ದವನಿಗೆ. ಆ ಹೊಲಗಳಲ್ಲಿ ಕಡಲೇಕಾಯಿ ಕಿತ್ತು ಕೂಲಿ ಪಡೀತಿದ್ದ ಭೂಹೀನರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಭೂಹೀನ ಅಂದರೆ ಯಾವ ಕೇರಿಯವನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ವಿರೋಧ ಎರಡು ಅಲಗಿನದಾಗಬೇಕು. ಅಣುಸ್ಥಾವರವೂ ಬೇಡ, ಬಾಂಬೂ ಬೇಡ. 2019ರಲ್ಲಿ ಪರಿಸರ ಅನುಮತಿ ಪಡೆದ ಕೈಗಾದ 700 ಮೆಗಾವಾಟಿನ ಎರಡು ಹೊಸ ಘಟಕಗಳೂ ಬೇಡ. ಸೂರ್ಯ ಬೇಕು, ಆದರೆ ಮೊದಲು ಬಸವೇಶ್ವರನಗರ, ರಾಜಾಜಿನಗರದ ತಾರಸಿಗಳ ಮೇಲೆ, ಕಾರ್ಖಾನೆಗಳ ಶೀಟಿನ ಮೇಲೆ. ಕುರಿಗಾಹಿಯ ಕಾವಲಿನ ಮೇಲಲ್ಲ. ದಲಿತ ವಿದ್ಯಾರ್ಥಿಗಳ ಹಾಸ್ಟೆಲ್ಲಿನ ಮೇಲೆ, ಹಳ್ಳಿಯ ಶಾಲೆಯ ಮೇಲೆ. ಹೊಲದಲ್ಲೇ ಹಾಕಬೇಕಾದರೆ ಭೂಹೀನ ಕೂಲಿಯವನಿಗೂ ಬಾಡಿಗೆಯಲ್ಲಿ ಪಾಲು ಬರಲಿ.

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಇದೆ. ನಿಮ್ಮೂರಿಗೆ ಅಣುವಿನವರಾಗಲಿ ಸೌರಕಂಪನಿಯವರಾಗಲಿ ಬಂದು 'ಪಾಳುಭೂಮಿ' ಅಂತ ತೋರಿಸಿದಾಗ, ಅಲ್ಲಿ ಯಾರ ದನ ಮೇಯ್ತವೆ, ಯಾರು ಸೌದೆ ತರ್ತಾರೆ, ಯಾರು ಕೂಲಿ ಮಾಡ್ತಾರೆ ಅಂತ ಮನೆ ಮನೆ ಹೋಗಿ ಬರೆದಿಡಿ. ಸಾರ್ವಜನಿಕ ಅಹವಾಲು ಸಭೆ ಕರೆದ ದಿನ ಆ ಪಟ್ಟಿ ಕೇರಿಯವರ ಕೈಯಲ್ಲಿರಲಿ, ಅವರೇ ಎದ್ದುನಿಂತು ಓದಲಿ.