ಫುಟ್‌ಬಾಲ್ ಮನೆಯ ಜಮಾಖರ್ಚು

ಪತ್ರಿಕೆಯ ಕ್ರೀಡಾ ಪುಟವನ್ನು ಗಂಡಸರಿಗೆ ಬಿಟ್ಟುಕೊಟ್ಟು ನಾವು ಹೆಂಗಸರು ಬೇರೆ ಪುಟಕ್ಕೆ ಹೋಗುವುದೇ ಹೆಚ್ಚು. ಆ ಪುಟದಲ್ಲಿ ಯಾರು ಎಷ್ಟು ಗೋಲು ಹೊಡೆದರು ಎಂಬುದಿರುತ್ತದೆ. ಹೊಡೆದವನ ಮನೆಗೆ ಸಂಬಳ ಎಲ್ಲಿಂದ ಬರುತ್ತದೆ, ಬಾರದಿದ್ದರೆ ಏನು ಗತಿ ಎಂಬುದು ಅಪರೂಪಕ್ಕೆ ಕಾಣುತ್ತದೆ. ಈ ಪ್ರಶ್ನೆ ಕೇಳಬೇಕಾದವರು ತಿಂಗಳ ಖರ್ಚು ತೂಗಿಸುವ ನಾವೇ ಎಂದು ನನಗನ್ನಿಸುತ್ತದೆ.

ಬೆಂಗಳೂರು ಎಫ್.ಸಿ. ತಂಡದ ಹೆಸರನ್ನು ನೀವೂ ಕೇಳಿರುತ್ತೀರಿ. ಜೆ.ಎಸ್.ಡಬ್ಲ್ಯು. ಸಂಸ್ಥೆ 2013ರಲ್ಲಿ ಕಟ್ಟಿದ ಈ ತಂಡ ಮೊದಲ ಸಲವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಫೈನಲ್ ತಲುಪಿತು. ಅದಕ್ಕೆ ಮೊದಲು ಭಾರತದ ಯಾವ ತಂಡವೂ ಅಲ್ಲಿಗೆ ಹೋಗಿರಲಿಲ್ಲ. 2019ರಲ್ಲಿ ಐ.ಎಸ್.ಎಲ್. ಪ್ರಶಸ್ತಿ, 2025ರ ಏಪ್ರಿಲ್‌ನಲ್ಲಿ ಮತ್ತೊಂದು ಫೈನಲ್. ಇಂಥ ತಂಡವೇ ಅದೇ ವರ್ಷ ಆಗಸ್ಟ್‌ನಲ್ಲಿ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು.

ಇದಕ್ಕೆ ಆಟಗಾರರು ಕಾರಣರಲ್ಲ. ದೇಶದ ಫುಟ್‌ಬಾಲ್ ಒಕ್ಕೂಟಕ್ಕೂ ರಿಲಯನ್ಸ್ ಕಡೆಯವರಿಗೂ 2010ರಲ್ಲಿ ಹದಿನೈದು ವರ್ಷದ, 700 ಕೋಟಿ ರೂಪಾಯಿಯ ಒಪ್ಪಂದವಾಗಿತ್ತು. 2025ರ ಡಿಸೆಂಬರ್‌ಗೆ ಅದು ಮುಗಿಯುವುದಿತ್ತು. ಹೊಸ ಒಪ್ಪಂದ ಆಗದ ಕಾರಣ ಲೀಗ್ ಶುರುವಾಗಲೇ ಇಲ್ಲ. 2026ರ ಫೆಬ್ರುವರಿ 14ರಿಂದ ಪಂದ್ಯಗಳು ನಡೆಯುತ್ತವೆಂದು ಕೇಂದ್ರ ಕ್ರೀಡಾ ಸಚಿವರು ಪ್ರಕಟಿಸಿದ್ದು ಜನವರಿಯಲ್ಲಿ. ಅಲ್ಲಿಯವರೆಗೆ ಆಟಗಾರರ ಮನೆಗಳಲ್ಲಿ ಬಾಡಿಗೆ, ಮಕ್ಕಳ ಫೀಸು ಕಾಯುತ್ತಿದ್ದವೇ?

ನಮ್ಮ ಬಾಣಾವರ, ಅರಸೀಕೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನೇ ಸಾಹುಕಾರನನ್ನು ನಂಬಿಕೊಂಡವರ ಕೊಬ್ಬರಿ, ಆತ ಕೊಳ್ಳದ ವರ್ಷ, ಎಷ್ಟೇ ಚೆನ್ನಾಗಿದ್ದರೂ ಅಟ್ಟದಲ್ಲೇ ಉಳಿಯುತ್ತದೆ. ತಂಡಗಳ ಸ್ಥಿತಿಯೂ ಹಾಗೆಯೇ. ಟಿಕೆಟ್ಟಿನ ಹಣದಿಂದ ಹೊಟ್ಟೆ ತುಂಬುವುದಿಲ್ಲ. ಒಡೆಯರ ಇನ್ನೊಂದು ವ್ಯಾಪಾರದ ದುಡ್ಡಿನಿಂದ ಒಲೆ ಉರಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇಲ್ಲಿ ಹಾಸಿಗೆ ಒಡೆಯನದು, ಕಾಲು ಆಟಗಾರನದು. ಒಡೆಯರು ಹಣ ಸುರಿದದ್ದರಿಂದಲೇ ಒಳ್ಳೆಯ ಆಟ ನೋಡಲು ಸಿಕ್ಕಿತು ಎಂಬುದೂ ನಿಜ. ಹುಡುಗ ಹುಡುಗಿಯರ ಕಿರಿಯ ತಂಡಗಳಿಗೆ ತೊಂದರೆಯಾಗದೆಂದು ಬೆಂಗಳೂರು ತಂಡದವರು ಆಗ ಹೇಳಿದ್ದನ್ನೂ ಮರೆಯಬಾರದು.

ತರಬೇತುದಾರರ ಪಾಡು ಇನ್ನೂ ಬೇರೆ. 2019ರಲ್ಲಿ ಬೆಂಗಳೂರಿಗೆ ಪ್ರಶಸ್ತಿ ತಂದ ಕಾರ್ಲೆಸ್ ಕ್ವಾಡ್ರಾಟ್, ಮೂರು ಪಂದ್ಯ ಸಾಲಾಗಿ ಸೋತ ಮೇಲೆ 2021ರ ಜನವರಿಯಲ್ಲಿ ತಂಡ ಬಿಡಬೇಕಾಯಿತು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದುಕೊಟ್ಟರು. ಅದೇ ವರ್ಷ ಲೀಗಿನ ಮೊದಲ ಮೂರು ಪಂದ್ಯ ಸೋತು, ಸೆಪ್ಟೆಂಬರ್ ಕೊನೆಗೆ ರಾಜೀನಾಮೆ ಕೊಟ್ಟರು. ಎಸ್.ಎಸ್.ಎಲ್.ಸಿ. ಫಲಿತಾಂಶ ಇಳಿದ ವರ್ಷ ಜನ ನಮ್ಮನ್ನು ನೋಡುವ ನೋಟವೇ ಬೇರೆ. ಆದರೂ ಮೂರು ಕಿರುಪರೀಕ್ಷೆಗೆ ಯಾವ ಮೇಷ್ಟರನ್ನೂ ಮನೆಗೆ ಕಳಿಸುವುದಿಲ್ಲ. ಕುರ್ಚಿ ಇಷ್ಟು ಅಲುಗಾಡುವಾಗ ಹದಿನೆಂಟರ ಹೊಸ ಹುಡುಗನನ್ನು ಆಡಿಸುವ ಧೈರ್ಯ ಯಾವ ಗುರುವಿಗೆ ಬಂದೀತು?

ಹಿಂದೆಯೂ ಆಯ್ಕೆ ಸುಲಭವಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹಮದ್ ಖಾನ್ ಹೆಸರು ಮಾಡಲು ಕಲ್ಕತ್ತೆಗೇ ಹೋಗಬೇಕಾಯಿತು. ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. ಆಮೇಲಿನ ಕಾಲದಲ್ಲಿ ಬೆಂಗಳೂರಿನಲ್ಲೇ ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳ ತಂಡಗಳು ಆಟಗಾರನಿಗೆ ನೌಕರಿ ಕೊಟ್ಟವು. ಹೆಸರು ಕಡಿಮೆ, ಮಂಡಿ ಕೈಕೊಟ್ಟ ಮೇಲೂ ಅನ್ನ ಖಾತ್ರಿ. ಎಚ್.ಎ.ಎಲ್. 2012ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷ ಬೆಂಗಳೂರು ಎಫ್.ಸಿ. ಹುಟ್ಟಿತು. ನೌಕರಿಯ ಜಾಗಕ್ಕೆ ಒಪ್ಪಂದದ ಕಾಗದ ಬಂತು.

ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಕೇಳಿದರು: “ಮೇಡಮ್ಮೋರೇ, ಇವ್ನು ಬೆಂಗ್ಳೂರಿಗೆ ಫುಟ್‌ಬಾಲ್ ಸೆಲೆಕ್ಷನ್‌ಗೆ ಹೋಗ್ತೀನಿ ಅಂತಾನೆ. ಓದು ಬಿಡ್ಸಿ ಕಳ್ಸದಾ?”

“ಕಳ್ಸಿ, ಓದು ಮಾತ್ರ ಬಿಡಿಸಬೇಡಿ,” ಎಂದೆ. ಸಹಿ ಹಾಕುವ ಮೊದಲು ಮೂರು ಮಾತು ಕೇಳಬೇಕೆಂದೂ ಹೇಳಿದೆ. ಲೀಗ್ ನಿಂತರೆ ಸಂಬಳವೂ ನಿಲ್ಲುತ್ತದೆಯೇ? ಕಾಲು ಮುರಿದರೆ ಆಸ್ಪತ್ರೆ ಖರ್ಚು ಯಾರದು? ಒಪ್ಪಂದ ಎಷ್ಟು ವರ್ಷದ್ದು?

ಈ ಪ್ರಶ್ನೆಗಳನ್ನು ಒಬ್ಬ ತಾಯಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಒಕ್ಕೂಟವೇ ಕೇಳಬೇಕು. ಆರು ತಿಂಗಳ ಸಂಬಳವನ್ನು ಮುಂಚೆಯೇ ಠೇವಣಿ ಇಡದ ತಂಡಕ್ಕೆ ಆಡಲು ಅನುಮತಿ ಕೊಡಬಾರದು. ಮಗಳ ಮದುವೆಗೆಂದು ಚೀಟಿ ಕಟ್ಟುವ ನಮಗೆ ತಿಳಿಯುವಷ್ಟು ಸರಳ ಲೆಕ್ಕ ಇದು. ಕೋಟಿಗಳಲ್ಲಿ ವ್ಯವಹರಿಸುವವರಿಗೆ ತಿಳಿಯದ್ದೇನಲ್ಲ.